ನಕ್ಷತ್ರದ ಬೆಳಕು ಹೈಡ್ರೋಜನ್ ಒಡೆದಿದ್ದು ಸರಿ, ಆದ್ರೆ ಆ ಬೆಳಕು ಹೊರಗೆ ಬಂದಿದ್ದು ಹೇಗೆ?

ಗ್ಯಾಲಕ್ಸಿಗಳ ನಡುವಿನ ಜಾಗ ಪೂರ್ತಿ ಖಾಲಿ ಅಂತ ಅಂದ್ಕೋತೀವಿ, ಆದ್ರೆ ಅಲ್ಲೂ ಗ್ಯಾಸ್ ಇದೆ. ಬಹುಪಾಲು ಹೈಡ್ರೋಜನ್, ಅದೂ ಎಷ್ಟು ತೆಳು ಅಂದ್ರೆ ಇಡೀ ಬ್ರಹ್ಮಾಂಡದ ಸರಾಸರಿ ತೆಗೆದ್ರೆ ಐದು ಘನ ಮೀಟರ್ ಜಾಗಕ್ಕೆ ಒಂದು ಪರಮಾಣು ಸಿಗತ್ತೆ ಅಷ್ಟೆ. ಈ ಗ್ಯಾಸ್ ಬಗ್ಗೆ ನಂಗೆ ತುಂಬಾ ಆಶ್ಚರ್ಯ ತರೋ ಸಂಗತಿ ಒಂದಿದೆ, ಅದು ಇವತ್ತು ಹೆಚ್ಚುಕಮ್ಮಿ ಪೂರ್ತಿ ಒಡೆದು ಹೋಗಿರೋ ಸ್ಥಿತಿಯಲ್ಲಿದೆ. ಪ್ರೋಟಾನ್ ಬೇರೆ, ಎಲೆಕ್ಟ್ರಾನ್ ಬೇರೆ ಆಗಿ ಓಡಾಡ್ಕೊಂಡಿವೆ, ಇಡಿಯಾಗಿ ಉಳ್ಕೊಂಡಿರೋ ಪರಮಾಣು ಹತ್ತು ಸಾವಿರಕ್ಕೆ ಒಂದೂ ಇಲ್ಲ. ಆದ್ರೆ ಬ್ರಹ್ಮಾಂಡ ಚಿಕ್ಕದಿದ್ದಾಗ ಇದೇ ಗ್ಯಾಸ್ ಎಲ್ಲಾ ಕಡೆ ಇಡಿಯಾಗೇ ಇತ್ತು. ಅಂದ್ರೆ ಮಧ್ಯದಲ್ಲಿ ಯಾರೋ ಇದನ್ನ ಒಂದೊಂದೇ ಪರಮಾಣು ಹಿಡಿದು ಒಡೆದಿದ್ದಾರೆ, ಆ ಕೆಲಸದಲ್ಲಿ ದೊಡ್ಡ ಪಾಲು ನಕ್ಷತ್ರಗಳ ಬೆಳಕಿನದು ಅನ್ನೋದು ಈಗ ಬಹಳಷ್ಟು ಖಗೋಳ ವಿಜ್ಞಾನಿಗಳ ಅಭಿಪ್ರಾಯ.

ಇದರ ಬಗ್ಗೆ ಕನ್ನಡದಲ್ಲಿ ಓದೋಕೆ ಹೆಚ್ಚು ಸಿಗಲ್ಲ, ಸಿಕ್ಕಿದ್ರೂ ಮೊದಲ ನಕ್ಷತ್ರ ಹುಟ್ಟಿತು, ಕತ್ತಲೆ ಹೋಯ್ತು, ಬೆಳಕಾಯ್ತು ಅಂತ ಎರಡು ಸಾಲಲ್ಲಿ ಮುಗಿಸಿಬಿಡ್ತಾರೆ. ನಂಗೆ ಅದು ಸಾಕಾಗಲ್ಲ, ಯಾಕಂದ್ರೆ ನಕ್ಷತ್ರ ಹುಟ್ಟೋದೇ ಹೈಡ್ರೋಜನ್ ದಟ್ಟವಾಗಿರೋ ಕಡೆ, ಹಂಗಿದ್ಮೇಲೆ ಅದರ ಬೆಳಕು ತನ್ನ ಸುತ್ತ ಇರೋ ಗ್ಯಾಸನ್ನೇ ದಾಟಿ ಹೊರಗೆ ಬರೋದು ಹೇಗೆ, ಬಂದು ಲಕ್ಷಾಂತರ ಜ್ಯೋತಿರ್ವರ್ಷ ದೂರದಲ್ಲಿರೋ ಪರಮಾಣು ಒಡೆಯೋದು ಹೇಗೆ, ಕಥೆಯ ಅಸಲಿ ತಿರುಳು ಇರೋದು ಅಲ್ಲಿ.

ಮೊದ್ಲು ಒಂದೇ ಒಂದು ಪರಮಾಣು ತಗೊಳ್ಳಿ. ಹೈಡ್ರೋಜನ್‌ನ ಎಲೆಕ್ಟ್ರಾನ್ ತನ್ನ ಅತಿ ಕೆಳಗಿನ ಮಟ್ಟದಲ್ಲಿ ಕೂತಿರುವಾಗ ಅದನ್ನ ಪೂರ್ತಿ ಕಿತ್ತು ಹಾಕೋಕೆ 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಬೆಳಕಿನ ಲೆಕ್ಕದಲ್ಲಿ ಹೇಳೋದಾದ್ರೆ 91.2 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರ ಇರೋ ಅಲ್ಟ್ರಾವಯಲೆಟ್ ಫೋಟಾನ್, ಅಂದ್ರೆ ಬೆಳಕಿನ ಒಂದು ಕಣ, ಬೇಕು. ಅದಕ್ಕಿಂತ ಒಂದು ಚೂರು ಕಡಿಮೆ ಶಕ್ತಿ ಇದ್ರೂ ಆಗಲ್ಲ, ಕೆಂಪು ಬೆಳಕನ್ನ ಎಷ್ಟು ಸುರಿದ್ರೂ ಆ ಪರಮಾಣುವಿಗೆ ಏನೂ ಆಗಲ್ಲ, ಪ್ರತಿ ಫೋಟಾನ್ ಒಂಟಿಯಾಗೇ ಆ ಗೆರೆ ದಾಟಬೇಕು. ಹಾಗಾಗಿ ಎಲ್ಲಾ ನಕ್ಷತ್ರದ ಬೆಳಕೂ ಈ ಕೆಲಸಕ್ಕೆ ಬರಲ್ಲ. ನಮ್ಮ ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್, ಅದರಿಂದ ಈ ಥರದ ಫೋಟಾನ್ ಬರೋದು ನಗಣ್ಯ. 30 ಸಾವಿರ ಕೆಲ್ವಿನ್ ದಾಟಿದ, ಸೂರ್ಯನಿಗಿಂತ ಹತ್ತಾರು ಪಟ್ಟು ಭಾರ ಇರೋ ನೀಲಿ ನಕ್ಷತ್ರಗಳು ಬೇಕು. ಅವು ಹುಟ್ಟೋದು ಕಮ್ಮಿ, ಬದುಕೋದೂ ಕಮ್ಮಿ, ತೀರಾ ಭಾರದವು ಹುಟ್ಟಿ ಸುಮಾರು 30 ಲಕ್ಷ ವರ್ಷಕ್ಕೇ ಸತ್ತು ಹೋಗತ್ವೆ. ಈ 30 ಲಕ್ಷ ವರ್ಷ ಅನ್ನೋ ಸಂಖ್ಯೆ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಇದನ್ನ ಹತ್ತಿರದಿಂದ ನೋಡ್ಬೇಕು ಅಂದ್ರೆ ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯ ಜಾಗದಲ್ಲಿ ಮಸುಕಾಗಿ ಕಾಣತ್ತಲ್ಲ ಆ ಓರಿಯನ್ ನೆಬ್ಯುಲಾ ಅನ್ನೋ ಗ್ಯಾಸ್ ಮೋಡ ಸಾಕು. ಸುಮಾರು 1300 ಜ್ಯೋತಿರ್ವರ್ಷ ದೂರ, ಕತ್ತಲೆ ಇರೋ ಕಡೆ ಬರಿಗಣ್ಣಿಗೇ ಸಿಗತ್ತೆ. ಅದರ ನಡುವೆ ಥೀಟಾ 1 ಓರಿಯಾನಿಸ್ ಸಿ ಅನ್ನೋ ನಕ್ಷತ್ರ ಇದೆ, ಅದರ ಮೇಲ್ಮೈ ಹತ್ತಿರ ಹತ್ತಿರ 39 ಸಾವಿರ ಕೆಲ್ವಿನ್. ಆ ನೆಬ್ಯುಲಾದ ಗ್ಯಾಸನ್ನ ಒಡೆಯೋ ಕೆಲಸದಲ್ಲಿ ಬಹುಪಾಲು ಈ ಒಂದೇ ನಕ್ಷತ್ರ ಮಾಡ್ತಾ ಇದೆ. ಫೋಟೋಗಳಲ್ಲಿ ನೆಬ್ಯುಲಾ ಕೆಂಪಾಗಿ ಹೊಳೀತಾ ಇರತ್ತಲ್ಲ, ಆ ಕೆಂಪು ಎಲ್ಲಿಂದ ಬರತ್ತೆ ಅಂದ್ರೆ, ಒಡೆದು ಹೋದ ಎಲೆಕ್ಟ್ರಾನ್ ಮತ್ತೆ ಯಾವುದೋ ಪ್ರೋಟಾನ್‌ಗೆ ಸಿಕ್ಕಿ ಮೇಲಿನ ಮಟ್ಟದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ 656 ನ್ಯಾನೋಮೀಟರ್‌ನ ಫೋಟಾನ್ ಬಿಡತ್ತೆ, ಅದೇ ಆ ಕೆಂಪು. ಅಂದ್ರೆ ಅಲ್ಲಿ ಒಡೆಯೋದೂ ಸೇರೋದೂ ಒಂದೇ ಸಮನೆ ನಡೀತಾ ಇದೆ. ಗ್ಯಾಸ್ ಅಷ್ಟು ದಟ್ಟ ಇರೋ ಕಡೆ ಎಲೆಕ್ಟ್ರಾನ್ ಒಂಟಿಯಾಗಿ ಹತ್ತಾರು ವರ್ಷಕ್ಕಿಂತ ಹೆಚ್ಚು ಉಳಿಯೋದು ಕಷ್ಟ, ನಕ್ಷತ್ರ ಆರಿದ್ರೆ ಗ್ಯಾಸ್ ಬೇಗನೆ ಹಳೇ ಸ್ಥಿತಿಗೆ ವಾಪಸ್. ಈ ಸಮತೋಲನದ ಲೆಕ್ಕವನ್ನ ಡೆನ್ಮಾರ್ಕ್‌ನ ಬೆಂಗ್ಟ್ ಸ್ಟ್ರೋಮ್‌ಗ್ರೆನ್ 1939ರಲ್ಲೇ ಮಾಡಿಟ್ಟಿದ್ದ. ಬಿಸಿ ನಕ್ಷತ್ರದ ಸುತ್ತ ಒಡೆದ ಗ್ಯಾಸ್‌ನ ಒಂದು ಗೋಳ ಇರತ್ತೆ, ಅದರ ಅಂಚು ತುಂಬಾ ಚೂಪಾಗಿರತ್ತೆ, ಒಳಗೆ ಪೂರ್ತಿ ಒಡೆದಿದ್ದು, ಹೊರಗೆ ಪೂರ್ತಿ ಇಡಿಯಾಗಿದ್ದು.

ಈಗ ಇದನ್ನೇ ಗ್ಯಾಲಕ್ಸಿ ಮಟ್ಟಕ್ಕೆ ಹಿಗ್ಗಿಸಿ. ಬಿಗ್ ಬ್ಯಾಂಗ್ ಆಗಿ 3 ಲಕ್ಷ 80 ಸಾವಿರ ವರ್ಷಕ್ಕೆ ಬ್ರಹ್ಮಾಂಡ ಸುಮಾರು 3000 ಕೆಲ್ವಿನ್‌ಗೆ ತಣ್ಣಗಾಗಿ ಎಲೆಕ್ಟ್ರಾನ್ ಪ್ರೋಟಾನ್ ಸೇರಿ ಇಡಿ ಹೈಡ್ರೋಜನ್ ಆಯ್ತು. ಆಮೇಲೆ ಕೋಟ್ಯಂತರ ವರ್ಷ ನಕ್ಷತ್ರವೇ ಇಲ್ಲ. ಮೊದಲ ನಕ್ಷತ್ರಗಳು ಬಂದ್ಮೇಲೆ ಅಲ್ಲಲ್ಲಿ ಒಡೆದ ಗ್ಯಾಸ್‌ನ ಗುಳ್ಳೆಗಳು ಶುರುವಾದ್ವು, ಅವು ಬೆಳೆದು ಒಂದಕ್ಕೊಂದು ತಾಗಿ ಕೊನೆಗೆ ಎಲ್ಲಾ ಸೇರ್ಕೊಂಡ್ವು, ಇಷ್ಟೂ ಮುಗಿಯೋಕೆ ಬಿಗ್ ಬ್ಯಾಂಗ್‌ನಿಂದ ಲೆಕ್ಕ ಹಾಕಿದ್ರೆ ಸುಮಾರು ನೂರು ಕೋಟಿ ವರ್ಷ ಹಿಡೀತು. ಆ ಕಾಲದಲ್ಲಿ ಬ್ರಹ್ಮಾಂಡ ಚಿಕ್ಕದಿದ್ದಿದ್ರಿಂದ ಗ್ಯಾಸ್ ಈಗಿನಕ್ಕಿಂತ ದಟ್ಟ, ಒಂದು ಘನ ಮೀಟರ್‌ಗೆ ನೂರರ ಆಸುಪಾಸು ಪರಮಾಣು. ಆದ್ರೂ ಓರಿಯನ್‌ಗೆ ಹೋಲಿಸಿದ್ರೆ ಅದು ಏನೂ ಅಲ್ಲ. ಆ ತೆಳು ಗ್ಯಾಸ್‌ನಲ್ಲಿ ಒಮ್ಮೆ ಕಿತ್ತು ಹೋದ ಎಲೆಕ್ಟ್ರಾನ್‌ಗೆ ಮತ್ತೆ ಪ್ರೋಟಾನ್ ಸಿಗೋಕೆ ನೂರು ಕೋಟಿ ವರ್ಷದ ಹತ್ತಿರ ಬೇಕು, ಇವತ್ತಿನ ಸಾಂದ್ರತೆಯಲ್ಲಂತೂ ಬ್ರಹ್ಮಾಂಡದ ವಯಸ್ಸಿಗಿಂತ ಎಷ್ಟೋ ಪಟ್ಟು ಜಾಸ್ತಿ. ಅದಕ್ಕೇ ಒಮ್ಮೆ ಒಡೆದಿದ್ದು ಒಡೆದೇ ಉಳೀತು, ಅದನ್ನ ಒಡೆದ ನಕ್ಷತ್ರಗಳು ಸತ್ತು ಎಷ್ಟೋ ಕಾಲ ಆದ್ಮೇಲೂ.

ಗುಳ್ಳೆಯ ಅಂಚು ಎಷ್ಟು ದಪ್ಪ ಅನ್ನೋದೂ ನೋಡ್ಬೇಕಾದ್ದೇ. ಆ ಕಾಲದ ಇಡಿ ಹೈಡ್ರೋಜನ್ ಒಳಗೆ 91.2 ನ್ಯಾನೋಮೀಟರ್ ಆಸುಪಾಸಿನ ಫೋಟಾನ್ ಒಂದೆರಡು ಸಾವಿರ ಜ್ಯೋತಿರ್ವರ್ಷ ಹೋಗೋಷ್ಟರಲ್ಲಿ ಯಾವುದಾದ್ರೂ ಪರಮಾಣುವಿಗೆ ಸಿಕ್ಕಿ ಮುಗಿದು ಹೋಗತ್ತೆ. ಗುಳ್ಳೆಯ ಗಾತ್ರ ಲಕ್ಷಗಟ್ಟಲೆ ಜ್ಯೋತಿರ್ವರ್ಷ, ಅದರ ಪಕ್ಕ ಈ ಅಂಚು ಒಂದು ಗೆರೆ ಥರ ಅಷ್ಟೆ. ಹೆಚ್ಚು ಶಕ್ತಿಯ ಫೋಟಾನ್‌ಗಳು ಇನ್ನೂ ದೂರ ಹೋಗತ್ವೆ, ಯಾಕಂದ್ರೆ ಶಕ್ತಿ ಜಾಸ್ತಿ ಆದಷ್ಟೂ ಹೈಡ್ರೋಜನ್ ಅದನ್ನ ಹಿಡಿಯೋದು ಕಮ್ಮಿ, ಹಾಗಾಗಿ ಎಕ್ಸ್‌ರೇ ಗುಳ್ಳೆಯ ಆಚೆಗೂ ಹೋಗಿ ಇಡಿ ಗ್ಯಾಸನ್ನ ಚೂರು ಬೆಚ್ಚಗೆ ಮಾಡಿರತ್ತೆ.

ಇದೆಲ್ಲಾ ಲೆಕ್ಕ ಆಯ್ತು, ಕಣ್ಣಿಗೆ ಕಂಡಿದ್ದೇನು ಅಂದ್ರೆ ಕ್ವೇಸಾರ್‌ಗಳ (ದೈತ್ಯ ಕಪ್ಪುಕುಳಿಯ ಸುತ್ತ ಗ್ಯಾಸ್ ಕಾದು ಜೋರಾಗಿ ಹೊಳೆಯೋ ದೂರದ ಗ್ಯಾಲಕ್ಸಿ ತಿರುಳುಗಳು) ಸ್ಪೆಕ್ಟ್ರಮ್, ಅಂದ್ರೆ ಬೆಳಕನ್ನ ತರಂಗಾಂತರದ ಪ್ರಕಾರ ಬಿಡಿಸಿಟ್ಟ ಗ್ರಾಫ್, ನೋಡ್ಬೇಕು. 1965ರಲ್ಲಿ ಜೇಮ್ಸ್ ಗನ್ ಮತ್ತೆ ಬ್ರೂಸ್ ಪೀಟರ್ಸನ್ ಒಂದು ಸರಳ ಮಾತು ಹೇಳಿದ್ರು. ಇಡಿ ಹೈಡ್ರೋಜನ್‌ಗೆ 121.6 ನ್ಯಾನೋಮೀಟರ್‌ನ ಬೆಳಕು ಅಂದ್ರೆ ಎಲ್ಲಿಲ್ಲದ ಸೆಳೆತ, ಇದನ್ನ ಲೈಮನ್ ಆಲ್ಫಾ ಅಂತಾರೆ, ಈ ಬೆಳಕು ಎಲೆಕ್ಟ್ರಾನನ್ನ ಕಿತ್ತು ಹಾಕಲ್ಲ, ಒಂದು ಮಟ್ಟ ಮೇಲಕ್ಕೆ ಏರಿಸತ್ತೆ ಅಷ್ಟೆ. ದೂರದ ಕ್ವೇಸಾರ್‌ನಿಂದ ಹೊರಟ ಬೆಳಕು ನಮ್ಮ ಕಡೆ ಬರ್ತಾ ಬರ್ತಾ ಬ್ರಹ್ಮಾಂಡ ಹಿಗ್ಗೋದ್ರಿಂದ ಉದ್ದ ಆಗ್ತಾ ಹೋಗತ್ತೆ, ಹಾಗೆ ಉದ್ದ ಆಗ್ತಾ ಅದರ ಒಂದೊಂದು ತುಣುಕು ದಾರಿಯಲ್ಲಿ ಒಂದೊಂದು ಜಾಗದಲ್ಲಿ ಸರಿಯಾಗಿ 121.6ಕ್ಕೆ ಬಂದು ನಿಲ್ಲತ್ತೆ, ಆ ಜಾಗದಲ್ಲಿ ಇಡಿ ಹೈಡ್ರೋಜನ್ ಇದ್ರೆ ಆ ತುಣುಕು ಅಲ್ಲೇ ಮಾಯ. ಹೀಗಾಗಿ ಸ್ಪೆಕ್ಟ್ರಮ್ ಅನ್ನೋದು ದಾರಿಯುದ್ದಕ್ಕೂ ಎಲ್ಲೆಲ್ಲಿ ಏನಿತ್ತು ಅನ್ನೋ ದಾಖಲೆ ಆಗತ್ತೆ. ಹತ್ತಿರದ ಕ್ವೇಸಾರ್‌ಗಳಲ್ಲಿ ಬೆಳಕು ಆರಾಮಾಗಿ ದಾಟಿ ಬಂದಿತ್ತು, ಅಂದ್ರೆ ನಡುವಿನ ಗ್ಯಾಸ್ ಒಡೆದಿದೆ ಅಂತ 1965ರಲ್ಲೇ ಗೊತ್ತಾಯ್ತು. ಪೂರ್ತಿ ಕಪ್ಪಾಗಿರೋ ಪಟ್ಟಿ ಸಿಕ್ಕಿದ್ದು 2001ರಲ್ಲಿ, ರೆಡ್‌ಶಿಫ್ಟ್ 6.28ರ ಒಂದು ಕ್ವೇಸಾರ್‌ನಲ್ಲಿ (ರೆಡ್‌ಶಿಫ್ಟ್ ಅಂದ್ರೆ ಬೆಳಕು ದಾರಿಯಲ್ಲಿ ಎಷ್ಟು ಉದ್ದ ಆಗಿದೆ ಅನ್ನೋ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಹೆಚ್ಚು ದೂರ, ಹೆಚ್ಚು ಹಳೇ ಕಾಲ). ಒಂದು ಎಚ್ಚರಿಕೆ ಮಾತ್ರ ಬೇಕು, ಈ ಲೈಮನ್ ಆಲ್ಫಾ ಎಷ್ಟು ಸೂಕ್ಷ್ಮ ಅಂದ್ರೆ ಹತ್ತು ಸಾವಿರದಲ್ಲಿ ಒಂದು ಪರಮಾಣು ಇಡಿಯಾಗಿದ್ರೂ ಆ ಕಾಲದಲ್ಲಿ ಬೆಳಕು ಪೂರ್ತಿ ಮುಚ್ಚಿ ಹೋಗತ್ತೆ, ಹಾಗಾಗಿ ಕಪ್ಪು ಕಂಡಿತು ಅಂದ ತಕ್ಷಣ ಗ್ಯಾಸ್ ಪೂರ್ತಿ ಇಡಿಯಾಗಿತ್ತು ಅಂತ ಹೇಳೋಕಾಗಲ್ಲ.

ಇದರಲ್ಲಿ ನಂಗೆ ತುಂಬಾ ಇಷ್ಟ ಆಗಿರೋ ಕೆಲಸ 2023ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್‌ನಿಂದ ಬಂದಿದ್ದು. ಜೆ0100+2802 ಅನ್ನೋ ಕ್ವೇಸಾರ್ ಇದೆ, ರೆಡ್‌ಶಿಫ್ಟ್ 6.3, ಅದರ ನಡುವಿನ ಕಪ್ಪುಕುಳಿ ಸುಮಾರು ಸಾವಿರ ಕೋಟಿ ಸೂರ್ಯರಷ್ಟು ಭಾರ, ಆ ಕಾಲಕ್ಕೆ ಅದು ಅತಿ ಪ್ರಖರ ದೀಪಗಳಲ್ಲಿ ಒಂದು. ಅದರ ಲೈಮನ್ ಆಲ್ಫಾ ನಮಗೆ ಸುಮಾರು 890 ನ್ಯಾನೋಮೀಟರ್‌ನಲ್ಲಿ, ಅಂದ್ರೆ ಕಣ್ಣಿಗೆ ಕಾಣೋ ಕೆಂಪನ್ನೂ ದಾಟಿದ ಜಾಗದಲ್ಲಿ ಸಿಗತ್ತೆ. ಅಲ್ಲಿಂದ ನೀಲಿ ಕಡೆಗೆ ಆ ಗ್ರಾಫ್ ಮೇಲೆ ಕಣ್ಣಾಡಿಸ್ತಾ ಹೋದ್ರೆ ಮೊದಲು ಕ್ವೇಸಾರ್ ತಾನೇ ಒಡೆದುಕೊಂಡಿರೋ ಜಾಗ, ಅಲ್ಲಿ ಬೆಳಕು ಇದೆ, ಆಮೇಲೆ ಗ್ರಾಫ್ ದಬಕ್ ಅಂತ ಸೊನ್ನೆಗೆ ಬಿದ್ದು ನೆಲಕ್ಕೆ ಅಂಟ್ಕೊಂಡು ಹೋಗ್ತಾ ಇರತ್ತೆ, ಇನ್ನೂ ನೀಲಿಗೆ ಹೋದ ಹಾಗೆ ಅಲ್ಲೊಂದು ಇಲ್ಲೊಂದು ಸಣ್ಣ ಮುಳ್ಳಿನ ಥರ ಬೆಳಕು ತಲೆ ಎತ್ತತ್ತೆ, ನಂತರ ಆ ಮುಳ್ಳುಗಳು ಹೆಚ್ಚಾಗ್ತಾ ಹೋಗತ್ವೆ. ಒಂದೊಂದು ಮುಳ್ಳೂ ದಾರಿಯಲ್ಲಿ ಒಂದೊಂದು ಪಾರದರ್ಶಕ ಜಾಗ. ಈ ಮುಳ್ಳುಗಳು ಇರೋ ವಿಷಯ ಮೊದಲಿಂದ ಗೊತ್ತಿತ್ತು, ಆದ್ರೆ ಆ ಜಾಗಗಳಲ್ಲಿ ಯಾರು ಕೂತಿದ್ರು ಅನ್ನೋದು ಗೊತ್ತಿರ್ಲಿಲ್ಲ.

ಸೈಮನ್ ಲಿಲ್ಲಿ ಅವರ ತಂಡ ವೆಬ್‌ನ ಕ್ಯಾಮೆರಾದಿಂದ ಆ ಕ್ವೇಸಾರ್‌ನ ಸುತ್ತಮುತ್ತ, ಅದೇ ದಾರಿಯ ಅಕ್ಕಪಕ್ಕ, ಆಕ್ಸಿಜನ್ ಹೊಳಪು ಹಿಡಿದು ಗ್ಯಾಲಕ್ಸಿ ಹುಡುಕಿತು. 117 ಸಿಕ್ಕಿದ್ವು, ಎಲ್ಲವೂ ಬಿಗ್ ಬ್ಯಾಂಗ್ ನಂತರ ಸುಮಾರು 90 ಕೋಟಿ ವರ್ಷದ ಆಸುಪಾಸಿನವು. ಆಮೇಲೆ ಗ್ಯಾಲಕ್ಸಿ ಇರೋ ದೂರಗಳನ್ನೂ ಬೆಳಕು ದಾಟಿದ ಜಾಗಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ, ಗ್ಯಾಲಕ್ಸಿಗಳ ಸುತ್ತ ಸುಮಾರು 20 ಲಕ್ಷ ಜ್ಯೋತಿರ್ವರ್ಷ ತ್ರಿಜ್ಯದ ಜಾಗ ಪಾರದರ್ಶಕ ಆಗಿತ್ತು. ನಮ್ಮ ಕ್ಷೀರಪಥಕ್ಕೂ ಆಂಡ್ರೊಮಿಡಾಕ್ಕೂ ನಡುವೆ ಇರೋ ದೂರ ಇದೆಯಲ್ಲ, ಹೆಚ್ಚುಕಮ್ಮಿ ಅಷ್ಟು. ಇನ್ನೊಂದು ಸ್ವಾರಸ್ಯ ಏನಂದ್ರೆ ಗ್ಯಾಲಕ್ಸಿಗೆ ತೀರಾ ಹತ್ತಿರ ಹೋದ್ರೆ ಬೆಳಕು ದಾಟೋದು ಮತ್ತೆ ಕಡಿಮೆ ಆಗತ್ತೆ, ಯಾಕಂದ್ರೆ ಅಲ್ಲಿ ಗ್ಯಾಸ್ ದಟ್ಟ, ಒಡೆದ ಎಲೆಕ್ಟ್ರಾನ್ ಬೇಗ ಬೇಗ ಪ್ರೋಟಾನ್ ಸೇರ್ಕೊಳ್ಳತ್ತೆ, ಯಾವಾಗ್ಲೂ ಒಂದಿಷ್ಟು ಇಡಿ ಪರಮಾಣು ಉಳಿದಿರತ್ತೆ. ಹಾಗಾಗಿ ನಕ್ಷತ್ರದ ಬೆಳಕಿನ ಗುರುತು ಚೆನ್ನಾಗಿ ಕಾಣೋದು ಸ್ವಲ್ಪ ದೂರದಲ್ಲಿ. ಒಂದು ಗ್ಯಾಲಕ್ಸಿಯ ಪಕ್ಕದಲ್ಲೇ ನಿಂತು ಅದು ತನ್ನ ಸುತ್ತ ಏನು ಮಾಡ್ತು ಅಂತ ಅಳೆಯೋಕಾಗಿದ್ದು, ಸಿಮ್ಯುಲೇಶನ್ ಬಿಟ್ಟು ಆಕಾಶದಲ್ಲೇ ಅಳೆದಿದ್ದು, ನಂಗೆ ದೊಡ್ಡ ವಿಷಯ ಅನ್ಸತ್ತೆ.

ಸರಿ, ಈಗ ಬೆಳಕು ಹೊರಗೆ ಬಂದಿದ್ದು ಹೇಗೆ ಅನ್ನೋ ಪ್ರಶ್ನೆಗೆ ವಾಪಸ್ ಬರೋಣ. ಶಕ್ತಿ ಸಾಲ್ತಾ ಅಂತ ಕೇಳಿದ್ರೆ ಬೇಕಾದಷ್ಟು ಇತ್ತು. ನಕ್ಷತ್ರದೊಳಗೆ ಹೈಡ್ರೋಜನ್ ಉರಿದು ಹೀಲಿಯಂ ಆಗುವಾಗ ಒಂದು ಪ್ರೋಟಾನ್‌ಗೆ 60 ಲಕ್ಷಕ್ಕೂ ಹೆಚ್ಚು ಎಲೆಕ್ಟ್ರಾನ್ ವೋಲ್ಟ್ ಬಿಡುಗಡೆ ಆಗತ್ತೆ, ಹೊರಗೆ ಒಂದು ಪರಮಾಣು ಒಡೆಯೋಕೆ ಬೇಕಾಗಿರೋದು 13.6 ಮಾತ್ರ. ಬರೀ ಶಕ್ತಿ ಲೆಕ್ಕ ನೋಡಿದ್ರೆ ಒಂದು ಪ್ರೋಟಾನ್ ಉರಿದ್ರೆ ನಾಲ್ಕೈದು ಲಕ್ಷ ಪರಮಾಣು ಒಡೀಬಹುದು, ಅಂದ್ರೆ ಬ್ರಹ್ಮಾಂಡದ ಗ್ಯಾಸ್‌ನಲ್ಲಿ ಅತಿ ಸಣ್ಣ ಪಾಲು ನಕ್ಷತ್ರ ಆಗಿದ್ರೂ ಉಳಿದಿದ್ದೆಲ್ಲಾ ಒಡೆಯೋಕೆ ಸಾಕು. ಆ ಶಕ್ತಿಯಲ್ಲಿ ದೊಡ್ಡ ಭಾಗ ಕೆಲಸಕ್ಕೆ ಬಾರದ ಉದ್ದ ತರಂಗಾಂತರದಲ್ಲಿ ಹೋಗತ್ತೆ ಅನ್ನೋದನ್ನ ಕಳೆದ್ರೂ ಇನ್ನೂ ಸಾಕಷ್ಟು ಉಳಿಯತ್ತೆ.

ಹಾಗಾದ್ರೆ ತಡೆ ಎಲ್ಲಿ ಅಂದ್ರೆ ಮನೆಯೊಳಗೇ. ನಕ್ಷತ್ರಗಳು ಹುಟ್ಟೋದು ತಣ್ಣನೆಯ ದಟ್ಟ ಮೋಡದಲ್ಲಿ. ಹುಟ್ಟಿದ ತಕ್ಷಣ ಬರೋ ಫೋಟಾನ್‌ಗಳೆಲ್ಲಾ ಆ ಮೋಡ ಒಡೆಯೋದರಲ್ಲೇ ಖರ್ಚಾಗತ್ವೆ, ಅಲ್ಲಿ ಮತ್ತೆ ಸೇರೋ ವೇಗ ಜಾಸ್ತಿ ಇರೋದ್ರಿಂದ ಒಂದೇ ಪರಮಾಣುವನ್ನ ಮತ್ತೆ ಮತ್ತೆ ಒಡೀತಾ ಇರಬೇಕು. ಧೂಳು ಇದ್ರೆ ಅದೂ ಒಂದಿಷ್ಟು ನುಂಗತ್ತೆ. ಮೋಡ ಚದುರಬೇಕು, ತೂತು ಬೀಳಬೇಕು, ಅದಕ್ಕೆ ನಕ್ಷತ್ರದ ಗಾಳಿ, ಬೆಳಕಿನ ಒತ್ತಡ, ಬಿಸಿಯಾದ ಗ್ಯಾಸ್ ಉಬ್ಬೋದು, ಕೊನೆಗೆ ಸೂಪರ್‌ನೋವಾ, ಇಷ್ಟೂ ಸೇರಬೇಕು. ಈಗ ಆ 30 ಲಕ್ಷ ವರ್ಷ ನೆನಪು ಮಾಡ್ಕೊಳ್ಳಿ. ಮೊದಲ ಸೂಪರ್‌ನೋವಾ ಸಿಡಿಯೋ ಹೊತ್ತಿಗೆ, ಸಿಡೀತಾ ಇರೋದೇ ಅತಿ ಹೆಚ್ಚು ಫೋಟಾನ್ ಕೊಡ್ತಿದ್ದ ನಕ್ಷತ್ರ! ಒಂದು ಕೋಟಿ ವರ್ಷ ಆಗೋಷ್ಟರಲ್ಲಿ ಆ ಗುಂಪಿನಿಂದ ಒಡೆಯೋ ಶಕ್ತಿ ಇರೋ ಫೋಟಾನ್ ಬರೋದು ತೀರಾ ಕಡಿಮೆ ಆಗಿಬಿಡತ್ತೆ. ಬೆಳಕು ಇರುವಾಗ ದಾರಿ ಇಲ್ಲ, ದಾರಿ ಆದಾಗ ಬೆಳಕು ಇಲ್ಲ. ಇದರಿಂದ ಪಾರಾಗೋಕೆ ಒಂದು ದಾರಿ ಜೋಡಿ ನಕ್ಷತ್ರಗಳು, ಭಾರದ ನಕ್ಷತ್ರಗಳಲ್ಲಿ ಹೆಚ್ಚಿನವು ಜೋಡಿಯಾಗೇ ಇರತ್ವೆ, ಒಂದು ಇನ್ನೊಂದರ ಹೊರಪದರ ಎಳ್ಕೊಂಡಾಗ ಒಳಗಿನ ಬಿಸಿ ತಿರುಳು ಬಯಲಾಗಿ ಒಂದು ಕೋಟಿ ವರ್ಷದ ನಂತರವೂ ಅಲ್ಟ್ರಾವಯಲೆಟ್ ಕೊಡ್ತಾ ಇರತ್ತೆ, ಅಷ್ಟೊತ್ತಿಗೆ ಮೋಡ ಚದುರಿರತ್ತೆ. ನಂಗಂತೂ ಈ ವಿವರಣೆ ಮನಸ್ಸಿಗೆ ಒಪ್ಪತ್ತೆ, ಯಾಕಂದ್ರೆ ಇದಕ್ಕಾಗಿ ಹೊಸದಾಗಿ ಏನನ್ನೂ ಊಹೆ ಮಾಡ್ಬೇಕಾಗಿಲ್ಲ.

ಹೊರಗೆ ಬರೋ ಫೋಟಾನ್‌ಗಳ ಪಾಲನ್ನ ಎಸ್ಕೇಪ್ ಫ್ರಾಕ್ಷನ್ ಅಂತಾರೆ. ಬ್ರಹ್ಮಾಂಡದ ಗ್ಯಾಸ್ ಸಮಯಕ್ಕೆ ಸರಿಯಾಗಿ ಒಡೀಬೇಕು ಅಂದ್ರೆ ಸರಾಸರಿ ನೂರಕ್ಕೆ ಹತ್ತಿಪ್ಪತ್ತು ಹೊರಗೆ ಬರಬೇಕು ಅನ್ನೋದು ಬಹಳ ಕಾಲದಿಂದ ಓಡಾಡ್ತಿರೋ ಅಂದಾಜು. ಈಗಿನ ಸಾಧಾರಣ ಗ್ಯಾಲಕ್ಸಿಗಳಲ್ಲಿ ನೋಡಿದ್ರೆ ಅಷ್ಟು ಬರಲ್ಲ. ಅದೂ ಅಲ್ದೆ ಬೆಳಕು ಎಲ್ಲಾ ದಿಕ್ಕಿಗೂ ಒಂದೇ ಥರ ಬರಲ್ಲ, ಹೊಗೆ ತುಂಬಿದ ಮನೆಯೊಳಗೆ ದೀಪ ಇಟ್ಟು ಒಂದೆರಡು ಕಿಟಕಿ ಮಾತ್ರ ತೆಗೆದ ಹಾಗೆ, ಕಿಟಕಿ ನಮ್ಮ ಕಡೆ ಇದ್ರೆ ಜೋರು ಬೆಳಕು ಅನ್ಸತ್ತೆ, ಆ ಕಡೆ ಇದ್ರೆ ಏನೂ ಇಲ್ಲ ಅನ್ಸತ್ತೆ. ಒಂದೊಂದೇ ಗ್ಯಾಲಕ್ಸಿ ನೋಡಿ ತೀರ್ಮಾನ ಕೊಡೋದು ಸರಿಯಲ್ಲ ಅನ್ನೋದು ಇದಕ್ಕೇ.

ಆ ಹಳೇ ಕಾಲದ ಗ್ಯಾಲಕ್ಸಿಗಳಲ್ಲಿ ಇದನ್ನ ನೇರವಾಗಿ ಅಳೆಯೋಕೆ ಸಾಧ್ಯ ಇಲ್ಲ, ಹೊರಗೆ ಬಂದ ಫೋಟಾನ್ ನಮ್ಮ ತನಕ ಬರೋ ದಾರಿಯಲ್ಲೇ ಯಾವುದಾದ್ರೂ ಹೈಡ್ರೋಜನ್‌ಗೆ ಸಿಕ್ಕಿಬಿಡತ್ತೆ. ಹಾಗಾಗಿ ಹತ್ತಿರದಲ್ಲಿ ಅದೇ ಥರದ ಗ್ಯಾಲಕ್ಸಿ ಹುಡುಕ್ತಾರೆ. 2007ರಲ್ಲಿ ಗ್ಯಾಲಕ್ಸಿ ಜೂ ಅನ್ನೋ ಯೋಜನೆಯಲ್ಲಿ ಸಾಮಾನ್ಯ ಜನ ಆಕಾಶದ ಫೋಟೋಗಳನ್ನ ವಿಂಗಡಿಸ್ತಾ ಇದ್ದಾಗ ಪುಟಾಣಿ ಹಸಿರು ಚುಕ್ಕೆಗಳು ಕಣ್ಣಿಗೆ ಬಿದ್ವು, ಗ್ರೀನ್ ಪೀ ಗ್ಯಾಲಕ್ಸಿ ಅಂತ ಹೆಸರಾಯ್ತು. ಚಿಕ್ಕವು, ಒತ್ತಾಗಿರೋವು, ಜೋರಾಗಿ ನಕ್ಷತ್ರ ಹುಟ್ಟಿಸ್ತಿರೋವು. 2016ರಲ್ಲಿ ಹಬಲ್ ಟೆಲಿಸ್ಕೋಪ್ ಅಂಥದ್ದೊಂದರಿಂದ ಸುಮಾರು ನೂರಕ್ಕೆ 8ರಷ್ಟು ಫೋಟಾನ್ ಹೊರಗೆ ಬರೋದನ್ನ ಕಂಡಿತು, ಎರಡು ವರ್ಷ ಬಿಟ್ಟು ಇನ್ನೊಂದರಲ್ಲಿ ನೂರಕ್ಕೆ 70 ದಾಟಿತು. ಒಂದೇ ಜಾತಿಯಲ್ಲಿ ಇಷ್ಟು ವ್ಯತ್ಯಾಸ! 2022ರ ಹೊತ್ತಿಗೆ ಹಬಲ್‌ನಿಂದಲೇ 66 ಗ್ಯಾಲಕ್ಸಿಗಳ ಸಮೀಕ್ಷೆ ಬಂತು, ಅದರಲ್ಲಿ 35ರಿಂದ ಫೋಟಾನ್ ಹೊರಗೆ ಬರೋದು ಕಂಡಿತ್ತು.

ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಮಾಡಿದ ಕೆಲಸವನ್ನೂ ಇಲ್ಲಿ ಹೇಳ್ಲೇಬೇಕು. ಅದರಲ್ಲಿರೋ ಅಲ್ಟ್ರಾವಯಲೆಟ್ ಟೆಲಿಸ್ಕೋಪ್‌ಗಳ ಕನ್ನಡಿ ಬರೀ 38 ಸೆಂಟಿಮೀಟರ್. 2016ರ ಅಕ್ಟೋಬರ್‌ನಲ್ಲಿ 28 ಗಂಟೆಗೂ ಹೆಚ್ಚು ಹೊತ್ತು ಒಂದೇ ತುಂಡು ಆಕಾಶ ನೋಡಿದ್ದರಲ್ಲಿ ಎಯುಡಿಎಫ್‌ಎಸ್01 ಅನ್ನೋ ಗ್ಯಾಲಕ್ಸಿಯಿಂದ ಬಂದ ಅಲ್ಟ್ರಾವಯಲೆಟ್ ಸಿಕ್ಕಿತು. ಪುಣೆಯ ಐಯೂಕಾ ಅನ್ನೋ ಖಗೋಳ ಸಂಶೋಧನಾ ಸಂಸ್ಥೆಯ ಕನಕ್ ಸಾಹಾ ಅವರ ತಂಡ 2020ರಲ್ಲಿ ಅದನ್ನ ಪ್ರಕಟಿಸಿತು. ಆ ಬೆಳಕು ಹೊರಟು 930 ಕೋಟಿ ವರ್ಷ ಆಗಿತ್ತು, ಹೊರಟಾಗ ಅದರ ತರಂಗಾಂತರ ಸುಮಾರು 60 ನ್ಯಾನೋಮೀಟರ್, ಅಂದ್ರೆ 91.2ರ ಗೆರೆಗಿಂತ ತುಂಬಾ ಒಳಗೆ, ಆ ಗ್ಯಾಲಕ್ಸಿಯಿಂದ ನೂರಕ್ಕೆ ಕನಿಷ್ಠ 20 ಹೊರಗೆ ಬರ್ತಿರಬೇಕು ಅಂತ ಲೆಕ್ಕ ಬಂತು. ಅಷ್ಟು ಚಿಕ್ಕ ಕನ್ನಡಿಯಲ್ಲಿ ಇದು ಸಿಕ್ಕಿದೆ ಅಂದ್ರೆ ತುಂಬಾ ಹೆಮ್ಮೆ ಆಗತ್ತೆ.

ವೆಬ್ ಬಂದ್ಮೇಲೆ ಲೆಕ್ಕ ಇನ್ನೊಂದು ಕಡೆ ವಾಲಿದೆ. 2024ರಲ್ಲಿ ಅಬೆಲ್ 2744 ಅನ್ನೋ ಗ್ಯಾಲಕ್ಸಿ ಗುಂಪಿನ ಗುರುತ್ವವನ್ನೇ ಭೂತಗನ್ನಡಿ ಮಾಡ್ಕೊಂಡು, ಬಿಗ್ ಬ್ಯಾಂಗ್ ನಂತರದ ಮೊದಲ ನೂರು ಕೋಟಿ ವರ್ಷದೊಳಗಿನ ಎಂಟು ಅತಿ ಮಂಕು ಗ್ಯಾಲಕ್ಸಿಗಳನ್ನ ನೋಡಿದ್ರು. ಅವು ಫೋಟಾನ್ ತಯಾರಿಸೋದು ಹಿಂದೆ ಅಂದ್ಕೊಂಡಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಅಂತ ಬಂತು. ಮೊದಲು ಫೋಟಾನ್ ಸಾಲಲ್ಲ ಅನ್ನೋ ಚಿಂತೆ ಇತ್ತು, ಈಗ ಅಷ್ಟೊಂದು ಮಂಕು ಗ್ಯಾಲಕ್ಸಿಗಳೂ ಇಷ್ಟು ಕೊಟ್ರೆ, ಹೊರಗೆ ಬರೋ ಪಾಲೂ ಗ್ರೀನ್ ಪೀಗಳ ಥರ ಇದ್ರೆ, ಬ್ರಹ್ಮಾಂಡದ ಗ್ಯಾಸ್ ತೀರಾ ಬೇಗ ಒಡೆದು ಮುಗಿದಿರಬೇಕಿತ್ತು. ಆದ್ರೆ ಪ್ಲಾಂಕ್ ಉಪಗ್ರಹ ಅದನ್ನ ಒಪ್ಪಲ್ಲ. ಬಿಡುಗಡೆ ಆದ ಎಲೆಕ್ಟ್ರಾನ್‌ಗಳು ಬಿಗ್ ಬ್ಯಾಂಗ್‌ನಿಂದ ಉಳಿದಿರೋ ಮೈಕ್ರೋವೇವ್ ಬೆಳಕನ್ನ ಚದುರಿಸತ್ವೆ, ಎಷ್ಟು ಬೇಗ ಬಿಡುಗಡೆ ಆದ್ರೆ ಅಷ್ಟು ಜಾಸ್ತಿ ಚದುರತ್ತೆ, ಪ್ಲಾಂಕ್ ಅಳೆದಿದ್ದು ನೂರಕ್ಕೆ ಐದರ ಹತ್ತಿರ. ಅದರ ಪ್ರಕಾರ ಅರ್ಧ ಕೆಲಸ ಮುಗಿದಿದ್ದು ರೆಡ್‌ಶಿಫ್ಟ್ 7.7ರ ಆಸುಪಾಸು. ಎಲ್ಲಾ ಕೆಲಸವನ್ನೂ ಸಣ್ಣ ಗ್ಯಾಲಕ್ಸಿಗಳ ಹೆಸರಿಗೆ ಬರೆದು ವಿಷಯ ಮುಗೀತು ಅಂತ ಹೇಳೋರ ಮಾತನ್ನ ನಾನು ಇದಕ್ಕೇ ಒಪ್ಪಲ್ಲ, ಅವು ಎಷ್ಟು ತಯಾರಿಸ್ತಿದ್ವು ಅಂತ ಗೊತ್ತಾಗಿದೆ, ಎಷ್ಟು ಹೊರಗೆ ಬಿಡ್ತಿದ್ವು ಅನ್ನೋ ಸಂಖ್ಯೆ ಕೆಳಗೆ ಇಳೀಬೇಕಾಗಬಹುದು.

2025ರ ಮಾರ್ಚ್‌ನಲ್ಲಿ ಬಂದ ಇನ್ನೊಂದು ಸುದ್ದಿಯೂ ಇದೇ ಗೊಂದಲಕ್ಕೆ ಸೇರತ್ತೆ. ಜೇಡ್ಸ್-ಜಿಎಸ್-ಝಡ್13-1 ಅನ್ನೋ ಗ್ಯಾಲಕ್ಸಿ, ಬಿಗ್ ಬ್ಯಾಂಗ್ ಆಗಿ 33 ಕೋಟಿ ವರ್ಷಕ್ಕೇ ಇದ್ದಿದ್ದು, ಅದರಿಂದ ಲೈಮನ್ ಆಲ್ಫಾ ನಮ್ಮ ತನಕ ಬಂದಿದೆ. ಸುತ್ತ ಎಲ್ಲಾ ಇಡಿ ಹೈಡ್ರೋಜನ್ ಇದ್ದಿದ್ರೆ ಅದು ಬರೋಕೆ ಆಗ್ತಾ ಇರ್ಲಿಲ್ಲ. ಬಂದಿದೆ ಅಂದ್ರೆ ಆ ಗ್ಯಾಲಕ್ಸಿ ಅಷ್ಟು ಬೇಗನೇ ತನ್ನ ಸುತ್ತ ಒಂದು ಗುಳ್ಳೆ ಮಾಡ್ಕೊಂಡಿರಬೇಕು, ಆ ಬೆಳಕು ಅಂಚು ತಲುಪೋ ಮೊದಲೇ ಉದ್ದ ಆಗಿ ಹೈಡ್ರೋಜನ್ ಕೈಗೆ ಸಿಗದೆ ಜಾರ್ಕೊಂಡಿರಬೇಕು.

ಗುಳ್ಳೆಯ ಆಚೆ ಇರೋ ಇಡಿ ಗ್ಯಾಸ್ ಮೇಲೂ ನಕ್ಷತ್ರದ ಬೆಳಕು ಪರಿಣಾಮ ಮಾಡತ್ತೆ, ಇದು ಹೆಚ್ಚು ಜನರಿಗೆ ಗೊತ್ತಿಲ್ಲ. 13.6ಕ್ಕಿಂತ ಸ್ವಲ್ಪ ಕಡಿಮೆ ಶಕ್ತಿಯ ಫೋಟಾನ್‌ಗಳಿಗೆ ಹೈಡ್ರೋಜನ್ ಒಡೆಯೋಕಾಗಲ್ಲ, ಹಾಗಾಗಿ ಅವು ತುಂಬಾ ದೂರ ಹೋಗತ್ವೆ, ಹೋಗ್ತಾ ಉದ್ದ ಆಗಿ ಎಲ್ಲೋ ಒಂದು ಕಡೆ ಲೈಮನ್ ಆಲ್ಫಾ ಆಗತ್ವೆ. ಅಲ್ಲಿನ ಪರಮಾಣು ಅದನ್ನ ಹಿಡಿದು ಮತ್ತೆ ಬಿಡುವಾಗ ಎಲೆಕ್ಟ್ರಾನ್‌ನ ಸ್ಪಿನ್ (ಬುಗುರಿ ಸುತ್ತೋ ಥರದ ಅದರ ಒಂದು ಗುಣ) ತಿರುಗಿ ಬಿಡಬಹುದು. ಹೈಡ್ರೋಜನ್‌ನ 21 ಸೆಂಟಿಮೀಟರ್ ರೇಡಿಯೋ ತರಂಗ ಬರೋದೇ ಈ ಸ್ಪಿನ್ ತಿರುಗೋದ್ರಿಂದ, ಅಂದ್ರೆ ನಕ್ಷತ್ರಗಳ ಮೊದಲ ಬೆಳಕು ಬಿದ್ದ ಕೂಡ್ಲೇ ಇಡೀ ತಣ್ಣನೆ ಗ್ಯಾಸ್ ರೇಡಿಯೋದಲ್ಲಿ ಹಿನ್ನೆಲೆಗಿಂತ ಬೇರೆಯಾಗಿ ಕಾಣೋಕೆ ಶುರುವಾಗಬೇಕು. ಔಟ್‌ಹೌಸೆನ್ 1952ರಲ್ಲಿ, ಜಾರ್ಜ್ ಫೀಲ್ಡ್ 1958ರಲ್ಲಿ ಇದನ್ನ ವಿವರಿಸಿದ್ರು. 2018ರಲ್ಲಿ ಎಡ್ಜಸ್ ಅನ್ನೋ ರೇಡಿಯೋ ಆಂಟೆನಾ ಪ್ರಯೋಗದವರು 78 ಮೆಗಾಹರ್ಟ್ಸ್ ಹತ್ತಿರ ಇಂಥ ಗುರುತು ಸಿಕ್ಕಿದೆ ಅಂದ್ರು, ಆದ್ರೆ ನಿರೀಕ್ಷೆಗಿಂತ ತುಂಬಾ ಆಳವಾಗಿತ್ತು. ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಆಂಟೆನಾವನ್ನ 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತೆ ಶರಾವತಿ ಹಿನ್ನೀರಿನ ಮೇಲೆ ತೇಲಿಸಿ ಅದನ್ನೇ ಹುಡುಕಿದ್ರು, ಆಂಟೆನಾ ಕೆಳಗೆ ಮಣ್ಣಿದ್ರೆ ಅದರ ಪದರಗಳಿಂದ ಅಳತೆಯಲ್ಲಿ ಗಲಿಬಿಲಿ ಬರತ್ತೆ, ನೀರು ಒಂದೇ ಸಮ ಇರತ್ತೆ ಅಂತ. 2022ರಲ್ಲಿ ಬಂದ ಫಲಿತಾಂಶ, ಎಡ್ಜಸ್ ಹೇಳಿದ ಗುರುತು ಅಲ್ಲಿಲ್ಲ ಅಂತ. ಇಲ್ಲ ಅನ್ನೋದನ್ನ ಇಷ್ಟು ಕಷ್ಟಪಟ್ಟು ತೋರಿಸೋದು ಕೂಡ ಅಷ್ಟೇ ಮುಖ್ಯವಾದ ಕೆಲಸ ಅಂತ ನಾನು ನಂಬ್ತೀನಿ.

ಇನ್ನು ಒಡೆದ ಗ್ಯಾಸ್‌ಗೆ ಏನಾಯ್ತು ಅನ್ನೋದು. ಫೋಟಾನ್‌ನಲ್ಲಿ 13.6 ಕಳೆದು ಮಿಕ್ಕ ಶಕ್ತಿ ಎಲೆಕ್ಟ್ರಾನ್‌ನ ಓಟಕ್ಕೆ ಹೋಗತ್ತೆ, ಗ್ಯಾಸ್ ಹತ್ತು ಸಾವಿರ ಕೆಲ್ವಿನ್ ಮತ್ತೆ ಅದಕ್ಕೂ ಮೇಲೆ ಕಾಯತ್ತೆ. ಅಷ್ಟು ಬಿಸಿ ಗ್ಯಾಸನ್ನ ಹಿಡಿದಿಟ್ಕೊಳ್ಳೋಕೆ ಒಳ್ಳೇ ಗುರುತ್ವ ಬೇಕು. ದೊಡ್ಡ ಗ್ಯಾಲಕ್ಸಿಗಳಿಗೆ ತೊಂದರೆ ಇಲ್ಲ. ಅವುಗಳ ಹೈಡ್ರೋಜನ್ ತಟ್ಟೆಯ ತೆಳು ಹೊರ ಅಂಚನ್ನ ಮಾತ್ರ ಹೊರಗಿನಿಂದ ಬರೋ ಅಲ್ಟ್ರಾವಯಲೆಟ್ ಒಡೆದು ಹಾಕತ್ತೆ, ಎನ್‌ಜಿಸಿ 3198ರಂಥ ಗ್ಯಾಲಕ್ಸಿಯ ರೇಡಿಯೋ ನಕ್ಷೆಯಲ್ಲಿ ಹೈಡ್ರೋಜನ್ ಒಂದು ಮಟ್ಟಕ್ಕೆ ಬಂದು ತಟಕ್ಕನೆ ನಿಂತು ಹೋಗೋದಕ್ಕೆ ಇದೇ ಕಾರಣ ಅಂತ ವಿವರಿಸ್ತಾರೆ. ಸಣ್ಣ ಗ್ಯಾಲಕ್ಸಿಗಳ ಪಾಡು ಬೇರೆ. ಅವು ಹೊಸ ಗ್ಯಾಸ್ ಎಳ್ಕೊಳ್ಳೋಕಾಗಲ್ಲ, ಇದ್ದಿದ್ದೂ ನಿಧಾನಕ್ಕೆ ಆವಿಯಾಗಿ ಹೋಗತ್ತೆ, ನಕ್ಷತ್ರ ಹುಟ್ಟೋದು ನಿಂತು ಹೋಗತ್ತೆ. ನಮ್ಮ ಕ್ಷೀರಪಥದ ಸುತ್ತ ಇರೋ ಅತಿ ಮಂಕು ಕುಬ್ಜ ಗ್ಯಾಲಕ್ಸಿಗಳಲ್ಲಿ ಬೂಟಿಸ್ 1, ಹರ್ಕ್ಯುಲಿಸ್, ಲಿಯೋ 4, ಕೋಮಾ ಬೆರೆನಿಸಿಸ್ ಸೇರಿ ಆರನ್ನ ಹಬಲ್ ನೋಡಿತ್ತು, 2014ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಅವುಗಳ ನಕ್ಷತ್ರಗಳಲ್ಲಿ ನೂರಕ್ಕೆ 80ರಷ್ಟು ರೆಡ್‌ಶಿಫ್ಟ್ 6ರ ಹೊತ್ತಿಗೇ ಹುಟ್ಟಿ ಆಗಿತ್ತು, ಉಳಿದವು ಹುಟ್ಟಿದ್ದು ಅದಾದ ಸ್ವಲ್ಪ ಕಾಲದಲ್ಲಿ, ಆಮೇಲೆ ಹೆಚ್ಚುಕಮ್ಮಿ ಏನೂ ಇಲ್ಲ. ಆರೂ ಬೇರೆ ಬೇರೆ ದೂರದಲ್ಲಿ, ಬೇರೆ ಬೇರೆ ದಿಕ್ಕಲ್ಲಿ ಇದ್ರೂ ನಿಂತಿದ್ದು ಹೆಚ್ಚುಕಮ್ಮಿ ಒಂದೇ ಕಾಲಕ್ಕೆ, ಅದಕ್ಕೇ ಒಂದೊಂದರ ಒಳಗಿನ ಸೂಪರ್‌ನೋವಾಗಳಿಗಿಂತ ಎಲ್ಲವನ್ನೂ ಒಟ್ಟಿಗೆ ತಟ್ಟಿದ ಈ ಬೆಳಕಿನ ಮೇಲೇ ಅನುಮಾನ ಬರತ್ತೆ. ಆ ಬೆಳಕಲ್ಲಿ ಎಷ್ಟು ಪಾಲು ಪಕ್ಕದಲ್ಲೇ ಬೆಳೀತಿದ್ದ ನಮ್ಮ ಕ್ಷೀರಪಥದ್ದು, ಎಷ್ಟು ಪಾಲು ದೂರದಿಂದ ಬಂದಿದ್ದು ಅಂತ ಬಿಡಿಸಬೇಕು ಅಂದ್ರೆ ಕ್ಷೀರಪಥದಿಂದ ತುಂಬಾ ದೂರ ಒಂಟಿಯಾಗಿರೋ ಕುಬ್ಜ ಗ್ಯಾಲಕ್ಸಿಗಳಲ್ಲೂ ಇದೇ ಥರ ನಕ್ಷತ್ರಗಳ ವಯಸ್ಸು ಅಳೆದು ಹೋಲಿಸಿ ನೋಡಬೇಕು.